‘ನಿಗೂಢ ಬೆಳಕಿನ’ ಫೋಟೊ ಬಂದರೆ ಅದರ ಅಕ್ಕಪಕ್ಕದ ಫೋಟೊ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಂದೆಗೆದು ಮಲೆನಾಡಿನ ಆಕಾಶ ತೊಳೆದಿಟ್ಟಂತಾದ ಮೇಲೆ ಕುಂದಾದ್ರಿ, ಕೊಡಚಾದ್ರಿ, ಶರಾವತಿ ಹಿನ್ನೀರಿನ ಕಡೆ ಕ್ಯಾಮೆರಾ ಹಿಡಿದು ಹೋಗುವವರು ಹೆಚ್ಚು. ಅವರ ಫೋಟೊಗಳಲ್ಲಿ ಸಿಕ್ಕ ಗೆರೆ, ಹಸಿರು ಚುಕ್ಕಿ, ಉರಿಯುವ ಬಾಲ ‘ಆಗಸದಲ್ಲಿ ನಿಗೂಢ ಬೆಳಕು’ ಎಂಬ ಒಕ್ಕಣೆ ಹೊತ್ತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ, ಪತ್ರಿಕೆಗಳಿಗೂ ಬರುತ್ತವೆ. ಇವುಗಳಲ್ಲಿ ಹೆಚ್ಚಿನವು ಅರ್ಧ ಗಂಟೆಯೊಳಗೆ ಬಗೆಹರಿಯುವಂಥವು. ಬಗೆಹರಿಯದೆ ಉಳಿದವುಗಳಲ್ಲಿ ಸಾಮಾನ್ಯವಾಗಿ ಒಂದೇ ಕೊರತೆ: ಇರುವುದು ಒಂದೇ ಫೋಟೊ, ಅದೂ ಕತ್ತರಿಸಿದ್ದು, ಸಮಯ ಗೊತ್ತಿಲ್ಲ.

ಟ್ರೈಪಾಡ್ ಕದಲಿಸದೆ ಸಾಲಾಗಿ ತೆಗೆದಿದ್ದರೆ ಹಿಂದಿನ ಮತ್ತು ಮುಂದಿನ ಫ್ರೇಮ್ (ಆ ಸಾಲಿನ ಒಂದೊಂದು ಫೋಟೊ) ಮೊದಲು ತೆರೆಯಬೇಕು. ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿಯುತ್ತವೆ. ಎಲ್ಲ ಫ್ರೇಮ್‌ಗಳಲ್ಲೂ ಒಂದಿಷ್ಟೂ ಸರಿಯದೆ ಅದೇ ಜಾಗದಲ್ಲಿ ಕೂತ ಕೆಂಪು ಅಥವಾ ನೀಲಿ ಚುಕ್ಕಿ ಸೆನ್ಸರ್‌ನ ಹಾಟ್ ಪಿಕ್ಸೆಲ್, ಅಂದರೆ ಬೆಳಕು ಬೀಳದಿದ್ದರೂ ಹೊಳೆಯುವ ದೋಷದ ಬಿಂದು. ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒದಲ್ಲಿ (ಬೆಳಕಿನ ಸಂವೇದನೆಯ ಮಟ್ಟ) ಅಷ್ಟೇ ಸೆಕೆಂಡು ಇನ್ನೊಂದು ಫೋಟೊ ತೆಗೆದರೆ ಕಗ್ಗತ್ತಲಲ್ಲೂ ಅದು ಅಲ್ಲೇ ಇರುತ್ತದೆ. ಸರಿಯದ ಇನ್ನೊಂದು ಬಗೆಯೂ ಇದೆ: ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುತ್ತ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳು. ನಮ್ಮ ಅಕ್ಷಾಂಶದಿಂದ ಅವುಗಳ ಸಾಲು ನೆತ್ತಿಯಿಂದ ಸುಮಾರು 16 ಡಿಗ್ರಿ ದಕ್ಷಿಣಕ್ಕೆ, ಒರಾಯನ್ (ಮಹಾವ್ಯಾಧ) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳು ಸಾಗುವ ಹಾದಿಯ ಒತ್ತಿಗೇ ಬರುತ್ತದೆ. ಬೇರೆ ಕಡೆ ಕಂಡರೆ ಅದು ಭೂಸ್ಥಿರ ಉಪಗ್ರಹವಲ್ಲ.

ಗೆರೆಗಳ ವಿಚಾರಕ್ಕೆ ಬಂದರೆ, ಶಟರ್ 20 ಸೆಕೆಂಡು ತೆರೆದಿಟ್ಟ ಎಕ್ಸ್‌ಪೋಷರ್‌ನಲ್ಲಿ ವಿಮಾನ ಮುಚ್ಚಿಡಲಾಗದ ಗುರುತು ಬಿಡುತ್ತದೆ: ಸಮ ಅಂತರದಲ್ಲಿ ಬಿಳಿ ಚುಕ್ಕಿ ಪೋಣಿಸಿದಂಥ ಗೆರೆ, ಹತ್ತಿರದ್ದಾದರೆ ಎಡರೆಕ್ಕೆಯ ಕೆಂಪು, ಬಲರೆಕ್ಕೆಯ ಹಸಿರು. ಶಿವಮೊಗ್ಗ ಬಳಿಯ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇರುವುದನ್ನೂ ನೆನಪಿಡಬೇಕು. ಉಪಗ್ರಹದ ಗೆರೆಗೆ ಸಾಮಾನ್ಯವಾಗಿ ಮಿನುಗಿಲ್ಲ. ಅದು ಮುಂದಿನ ಫ್ರೇಮಿನಲ್ಲಿ ಅದೇ ನೇರಕ್ಕೆ ಮುಂದುವರಿಯುತ್ತದೆ, ಇಲ್ಲವೆ ಭೂಮಿಯ ನೆರಳು ಹೊಕ್ಕು ನಡು ಆಕಾಶದಲ್ಲೇ ಮಸುಕಾಗುತ್ತದೆ. ಉಲ್ಕೆ ಒಂದೇ ಫ್ರೇಮಿನಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತದೆ, ಎರಡೂ ತುದಿ ಚೂಪು, ಶುರುವಿನಲ್ಲಿ ಹಲವು ಸಲ ಹಸಿರು ಛಾಯೆ. ಪಳಗಿದವರೂ ಎಡವುವುದು ಇಲ್ಲಿ: ಉಪಗ್ರಹದ ಫಲಕ ಕ್ಷಣಕಾಲ ಬಿಸಿಲಿಗೆ ಹೊಳೆದರೆ ಆ ಗೆರೆಯೂ ಕದಿರಿನಂತೆ ನಡುವೆ ದಪ್ಪ, ತುದಿಗೆ ಚೂಪು. ಅಕ್ಕಪಕ್ಕದ ಫ್ರೇಮುಗಳ ಬೆಳಕು ಏರಿಸಿ ನೋಡಿ. ಅದೇ ನೇರದಲ್ಲಿ ತೆಳುವಾದ ಗೆರೆ ಸಿಕ್ಕರೆ ಉಪಗ್ರಹ. ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾವೃಷ್ಟಿಯ ಉಲ್ಕೆಯೆಂದು ಹೇಳುವವರು ಗೆರೆಯನ್ನು ಹಿಂದಕ್ಕೆ ಎಳೆದು ನೋಡಲಿ, ಅದು ಮಿಥುನ ರಾಶಿಯ ಕ್ಯಾಸ್ಟರ್ ನಕ್ಷತ್ರದ ಬಳಿಗೆ ಹೋಗಬೇಕು.

ಮುತ್ತಿನ ಸರದಂತೆ ಸಾಲುಗಟ್ಟಿ ಹೋಗುವ ದೀಪಗಳು ಇಂಟರ್‌ನೆಟ್ ಸೇವೆಗೆಂದು 2019ರಿಂದ ಉಡಾವಣೆಯಾಗುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳು. ಉಡಾವಣೆಯಾದ ಮೊದಲ ಕೆಲವು ದಿನ ಹಾಗೆ ಒತ್ತಾಗಿ ಕಾಣುತ್ತವೆ, ಆಮೇಲೆ ಚದುರಿ ಸುಮಾರು 480-550 ಕಿ.ಮೀ. ಎತ್ತರಕ್ಕೆ ಏರುತ್ತವೆ. ಆ ಎತ್ತರದಲ್ಲಿ ನಮ್ಮ ನೆತ್ತಿಯ ಮೇಲೆ ಹಾಯುವ ಉಪಗ್ರಹಕ್ಕೆ ಸೂರ್ಯಾಸ್ತದ ನಂತರ ಒಂದೂವರೆ ಗಂಟೆಯಷ್ಟೇ ಬಿಸಿಲು. ನಡುರಾತ್ರಿ ನೆತ್ತಿಯಲ್ಲಿ ಕಂಡ ಗೆರೆಗೆ ಬೇರೆ ಉತ್ತರ ಹುಡುಕಬೇಕು.

ಹಾಗಾಗಿಯೇ ಸಮಯ ಮುಖ್ಯ. ಕ್ಯಾಮೆರಾದ ಗಡಿಯಾರ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ನಿಮಿಷಗಳಷ್ಟು ತಪ್ಪುತ್ತದೆ. ಬಾಹ್ಯಾಕಾಶ ನಿಲ್ದಾಣ ಇಡೀ ಆಕಾಶ ದಾಟುವುದೇ ಐದಾರು ನಿಮಿಷದಲ್ಲಿ. ಕೆಲಸ ಶುರುಮಾಡುವ ಮುನ್ನ ಮೊಬೈಲಿನಲ್ಲಿ ಸೆಕೆಂಡು ತೋರಿಸುವ ಗಡಿಯಾರ ತೆರೆದು ಅದರದೇ ಒಂದು ಫೋಟೊ ತೆಗೆದಿಟ್ಟರೆ ಸಾಕು, ಕ್ಯಾಮೆರಾ ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಎಂದು ಆಮೇಲೆ ಲೆಕ್ಕ ಹಾಕಬಹುದು. ಉಪಗ್ರಹ, ನಕ್ಷತ್ರಗಳು ಯಾವಾಗ ಎಲ್ಲಿ ಎಂದು ತೋರಿಸುವ ಹೆವೆನ್ಸ್-ಅಬವ್ ಜಾಲತಾಣ, ಸ್ಟೆಲ್ಲೇರಿಯಂ ತಂತ್ರಾಂಶದಲ್ಲಿ ತಾಳೆ ನೋಡುವಾಗ ಊರನ್ನು ಬೆಂಗಳೂರೆಂದೇ ಬಿಡಬಾರದು. ನಮ್ಮ ಸಮಯ ಅಂತಾರಾಷ್ಟ್ರೀಯ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಎಂಬುದನ್ನೂ ಮರೆಯಬಾರದು. ಉಪಗ್ರಹಗಳ ಕಕ್ಷೆಯ ದತ್ತಾಂಶ ಆ ದಿನದ ಆಸುಪಾಸಿನದ್ದೇ ಆಗಿರಬೇಕು. ಹಳೆಯದಾದರೆ ಉತ್ತರವೂ ತಪ್ಪು.

ಹಸಿರು ಚುಕ್ಕಿಗಳಲ್ಲಿ ಹೆಚ್ಚಿನವು ಲೆನ್ಸಿನೊಳಗಿನ ಪ್ರತಿಫಲನ. ಕತ್ತರಿಸದ ಫೋಟೊದ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ನಡುಬಿಂದು ಗುರುತಿಸಿ. ಚುಕ್ಕಿಯಿಂದ ಹೊರಟು ನಡುಬಿಂದು ದಾಟಿ ಅಷ್ಟೇ ದೂರ ಆಚೆ ಹೋದರೆ ಅಲ್ಲಿ ಚಂದ್ರನೋ ಅಂಗಳದ ಎಲ್‌ಇಡಿ ಬಲ್ಬೋ ಸಿಗುತ್ತದೆ. ಕತ್ತರಿಸಿದ ಫೋಟೊದಲ್ಲಿ ನಡುಬಿಂದುವೇ ಕಳೆದುಹೋಗಿರುವುದರಿಂದ ಈ ಪರೀಕ್ಷೆ ನಡೆಯದು, ಮೂಲ ಫೈಲ್ ಬೇಕೆನ್ನುವುದು ಇದಕ್ಕೇ. ಮೊಬೈಲಿನ ನೈಟ್ ಮೋಡ್ ಇನ್ನೂ ಕಷ್ಟ: ಅದು ಹಲವು ಫೋಟೊಗಳನ್ನು ಬೆಸೆದು ಒಂದು ಮಾಡುವುದರಿಂದ ಸಲೀಸಾಗಿ ಹೋದ ಉಪಗ್ರಹವೂ ತುಂಡುತುಂಡಾಗಿ ವಿಮಾನದಂತೆ ಕಾಣಬಹುದು.

ಅಂಕುಡೊಂಕು ಬೆಳಕು ಕಂಡರೆ ಚೌಕಟ್ಟಿನ ಉಳಿದ ದೀಪ, ನಕ್ಷತ್ರಗಳನ್ನು ದೊಡ್ಡದು ಮಾಡಿ ನೋಡಿ. ಎಲ್ಲವೂ ಅದೇ ಡೊಂಕು ತೋರಿಸಿದರೆ ಅಲುಗಿದ್ದು ಟ್ರೈಪಾಡ್. ನಕ್ಷತ್ರಗಳೆಲ್ಲ ಊದಿಕೊಂಡು ಸುತ್ತ ಪ್ರಭಾವಳಿ ಮೂಡಿದ್ದರೆ ಲೆನ್ಸಿನ ಮೇಲೆ ಇಬ್ಬನಿ ಕೂತಿದೆ. ನಮ್ಮ ಕಡೆಯ ಚಳಿಗಾಲದಲ್ಲಿ ಇದು ತಪ್ಪಿದ್ದಲ್ಲ. ಪವರ್ ಬ್ಯಾಂಕಿನಿಂದ ನಡೆಯುವ ಬಿಸಿಪಟ್ಟಿಯನ್ನು ಲೆನ್ಸಿಗೆ ಸುತ್ತಿದರೆ ತಡೆಯಬಹುದು, ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಕೂರುತ್ತದೆ. ಮುಂಗಾರಿನ ಮುಂಚೆ ಮರಗಳ ಮುಂದೆ ಹಳದಿ-ಹಸಿರು ಗೀಟುಗಳಾಗಿ ಬರುವುದು ಮಿಣುಕು ಹುಳ. 1,343 ಮೀಟರ್ ಎತ್ತರದ ಕೊಡಚಾದ್ರಿಯಿಂದ ಪಶ್ಚಿಮಕ್ಕೆ ತಿರುಗಿಸಿದ ಕ್ಯಾಮೆರಾಕ್ಕೆ ಸಮುದ್ರದ ಅಂಚು ಸಮಮಟ್ಟಕ್ಕಿಂತ ಸುಮಾರು ಒಂದು ಡಿಗ್ರಿ ಕೆಳಗಿರುತ್ತದೆ. ಮಬ್ಬಿನಲ್ಲಿ ಆ ಅಂಚು ಅಳಿಸಿದಾಗ ಮೀನುಗಾರಿಕೆ ದೋಣಿಗಳ ದೀಪ ಆಕಾಶದಲ್ಲಿ ತೂಗಿದಂತೆ ಕಾಣುತ್ತದೆ.

ಇಷ್ಟೆಲ್ಲ ನೋಡಿಯೂ ಉಳಿಯುವ ಬೆಳಕು ಇರುತ್ತದೆ, ಅದಕ್ಕೆ ಬೆಲೆಯೂ ಇದೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಆಕಾಶದಲ್ಲಿ ಉರಿಯುತ್ತ ಹಾದುಹೋದದ್ದು ಚೀನಾದ ರಾಕೆಟ್ಟಿನ ಅವಶೇಷ, ಅದರ ಲೋಹದ ಬಳೆ ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಬಿತ್ತು. ಉಲ್ಕೆ ಒಂದೆರಡು ಸೆಕೆಂಡಿನಲ್ಲಿ ಆರುತ್ತದೆ, ಇಂಥದ್ದು ಚೂರಾಗುತ್ತ ನಿಧಾನಕ್ಕೆ ಅರ್ಧ ನಿಮಿಷ ಮೀರಿ ಸಾಗುತ್ತದೆ. ಅಂಥದ್ದನ್ನು ಸಾಗರದಿಂದ ಒಬ್ಬರು, ತೀರ್ಥಹಳ್ಳಿಯಿಂದ ಇನ್ನೊಬ್ಬರು ಒಂದೇ ಕ್ಷಣ ಸೆರೆಹಿಡಿದರೆ ಎತ್ತರವನ್ನೇ ಅಳೆಯಬಹುದು. ಎರಡು ಊರಿಗೂ ನೇರ ದೂರ ಸುಮಾರು 58 ಕಿ.ಮೀ. ನೆತ್ತಿಯ ಆಸುಪಾಸಿನಲ್ಲಿ 100 ಕಿ.ಮೀ. ಎತ್ತರದ ಉಲ್ಕೆ ಒಂದು ಊರಿನ ಫೋಟೊದಿಂದ ಇನ್ನೊಂದರದಕ್ಕೆ ನಕ್ಷತ್ರಗಳ ಎದುರು ಸುಮಾರು 30 ಡಿಗ್ರಿ ಸರಿದು ಕಾಣುತ್ತದೆ, 420 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣ 8 ಡಿಗ್ರಿ.

ಆದ್ದರಿಂದ ಇಂಥ ಫೋಟೊ ಕಳಿಸಿದವರಿಂದ ತಿದ್ದದ ಮೂಲ ಫೈಲ್, ಅದರ ಹಿಂದಿನ-ಮುಂದಿನ ಫ್ರೇಮ್, ಸೆಕೆಂಡಿನ ಮಟ್ಟಿಗೆ ಸಮಯ, ನಿಂತ ಜಾಗ ಮತ್ತು ದಿಕ್ಕು ಕೇಳಿ ಪಡೆಯಬೇಕು, ಸಮಯ, ಜಾಗ, ದಿಕ್ಕನ್ನು ಫೋಟೊದ ಕೆಳಗೆ ಅಚ್ಚು ಹಾಕಬೇಕು ಎಂದು ಪತ್ರಿಕೆಯಲ್ಲಿ ವಿನಂತಿ. ಪಕ್ಕದ ತಾಲ್ಲೂಕಿನಲ್ಲಿ ಅದೇ ರಾತ್ರಿ ಕ್ಯಾಮೆರಾ ಇಟ್ಟಿದ್ದವರು ತಮ್ಮ ಫೋಟೊ ಹುಡುಕಿ ತೆಗೆದು ತಾಳೆ ನೋಡಲು ಅಷ್ಟು ಸಾಕು.

– ಹವ್ಯಾಸಿ ಖಗೋಳ ಛಾಯಾಗ್ರಾಹಕ, ತೀರ್ಥಹಳ್ಳಿ