ಪೈಲ್ಸ್ ಅಂದುಕೊಂಡು ನೋವು ನುಂಗುವ ಹುಡುಗರು

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಹಾಸ್ಟೆಲ್, ಪಿ.ಜಿ. ಜಾಸ್ತಿ ಇರುವ ಕಡೆ ನನ್ನ ಮೆಡಿಕಲ್ ಶಾಪ್ ಇದೆ. ಇಪ್ಪತ್ತರ ಆಸುಪಾಸಿನ ಹುಡುಗರು ಬರುತ್ತಾರೆ, ಬೇರೆ ಗಿರಾಕಿಗಳು ಹೋಗುವವರೆಗೂ ಸುಮ್ನೆ ನಿಲ್ಲುತ್ತಾರೆ, ಆಮೇಲೆ ಮೆಲ್ಲಗೆ 'ಅಣ್ಣಾ, ಪೈಲ್ಸ್‌ಗೆ ಏನಾದ್ರೂ ಕೊಡಿ' ಅನ್ನುತ್ತಾರೆ. ಹುಡುಗಿಯರು ಬಾಯಿಬಿಟ್ಟು ಅಷ್ಟೂ ಹೇಳುವುದಿಲ್ಲ, ಚೀಟಿ ಕೊಡುತ್ತಾರೆ.

ಏನಾಗುತ್ತದೆ ಅಂತ ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ. ಮೋಷನ್‌ಗೆ ಹೋಗುವಾಗ ಕೊಯ್ದ ಹಾಗೆ ನೋವು, ಎದ್ದು ಬಂದ ಮೇಲೂ ಗಂಟೆಗಟ್ಟಲೆ ಉರಿ, ನಾಲ್ಕು ಹನಿ ಕೆಂಪು ರಕ್ತ. ಇದು ಸಾಮಾನ್ಯವಾಗಿ ಫಿಶರ್, ಅಂದರೆ ಗುದದ್ವಾರದ ಒಳಚರ್ಮ ಸೀಳುವುದು. ಒಳಗಿನ ಪೈಲ್ಸ್‌ನಲ್ಲಿ ರಕ್ತ ಹೋಗುತ್ತದೆ, ನೋವು ಅಷ್ಟಾಗಿ ಇರುವುದಿಲ್ಲ. ಯಾವುದು ಅಂತ ಡಾಕ್ಟರೇ ನೋಡಿ ಹೇಳಬೇಕು, ನಾನಲ್ಲ.

ಗಟ್ಟಿಯಾದ ಮಲದಿಂದ ಚರ್ಮ ಸೀಳುತ್ತದೆ. ನೋವಿಗೆ ಅಲ್ಲಿನ ಸ್ನಾಯು ಬಿಗಿಯುತ್ತದೆ, ಬಿಗಿದಾಗ ರಕ್ತ ಸರಿಯಾಗಿ ಹರಿಯುವುದಿಲ್ಲ, ಗಾಯ ಮಾಯುವುದಿಲ್ಲ. ಹೆದರಿ ಮಾರನೆಯ ದಿನ ತಡೆದುಕೊಂಡರೆ ಮಲ ಇನ್ನೂ ಗಟ್ಟಿ, ಇನ್ನೂ ನೋವು. ಆದರೆ ಮಕ್ಕಳು ತಡೆದುಕೊಳ್ಳದೆ ಏನು ಮಾಡಬೇಕು ಹೇಳಿ? ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವವರಿಗೆ ಮನೆಯಲ್ಲಿ ಕೂರಲು ಪುರುಸೊತ್ತಿಲ್ಲ, ಕಾಲೇಜಿಗೆ ಬಂದರೆ ಟಾಯ್ಲೆಟ್‌ಗೆ ಚಿಲಕ ಇಲ್ಲ, ನೀರಿಲ್ಲ, ಹಾಗಾಗಿ ಎಷ್ಟೋ ಹುಡುಗಿಯರು ನಮ್ಮೂರಿನ ಈ ಬಿಸಿಲಲ್ಲೂ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಊಟಕ್ಕೆ ಬಿಳಿ ಅನ್ನ, ತಿಳಿಸಾರು. ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಪರೋಟ. ಮಿರ್ಚಿಯಿಂದ ಚರ್ಮ ಸೀಳುವುದಿಲ್ಲ, ಆದರೆ ಗಾಯ ಇದ್ದವರಿಗೆ ಖಾರ ಉರಿ ಜಾಸ್ತಿ ಮಾಡಬಹುದು. ನಾರಿನಂಶ ಎಲ್ಲಿಂದ ಬರಬೇಕು? ದಿನಕ್ಕೆ 25-30 ಗ್ರಾಂ ನಾರು ಬೇಕು. ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು, ಪೇರಲೆ ಹಣ್ಣು, ಇವೆಲ್ಲ ನಮ್ಮ ಸಂತೆಯಲ್ಲೇ ಸಿಗುತ್ತವೆ ಅಲ್ವಾ?

ಹೊಸ ಫಿಶರ್‌ಗಳಲ್ಲಿ ಹೆಚ್ಚಿನವು ಆರೆಂಟು ವಾರದೊಳಗೆ ಆಪರೇಷನ್ ಇಲ್ಲದೆ ಮಾಯುತ್ತವೆ. ನಾರು, ನೀರು ನಿಧಾನವಾಗಿ ಹೆಚ್ಚಿಸಿ. ಇಸಬ್‌ಗೋಲ್ ಅನ್ನುವ ನಾರಿನ ಪುಡಿ ತೆಗೆದುಕೊಂಡರೆ ತುಂಬಿದ ಲೋಟ ನೀರಿನ ಜೊತೆಗೇ ಕುಡಿಯಿರಿ. ಮೋಷನ್ ಆದ ಮೇಲೆ ಉಗುರು ಬೆಚ್ಚಗಿನ ನೀರಿನ ಟಬ್ಬಿನಲ್ಲಿ 10-15 ನಿಮಿಷ ಕೂರಿ. ಒತ್ತಡ ಬಂದಾಗ ಹೋಗಿ, ತಿಣುಕಬೇಡಿ, ಫೋನ್ ಹಿಡಿದು ಒಳಗೆ ಅರ್ಧ ಗಂಟೆ ಕೂರಬೇಡಿ. ಬಿಗಿದ ಸ್ನಾಯು ಸಡಿಲಿಸುವ ಡಿಲ್ಟಿಯಾಜೆಮ್‌ನಂಥ ಮುಲಾಮುಗಳಿವೆ, ಅದನ್ನು ಡಾಕ್ಟರ್ ಬರೆದುಕೊಡುತ್ತಾರೆ. ಗೆಳೆಯ ಹೇಳಿದ ಅಂತ ಸ್ಟೀರಾಯ್ಡ್ ಇರುವ ಪೈಲ್ಸ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇಂಥವರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನು ಗೋಡೆ ಮೇಲಿನ 'ಒಂದೇ ದಿನದಲ್ಲಿ ಗುಣ' ಪೋಸ್ಟರ್‌ಗಳು. ನಾಚಿಕೆಪಟ್ಟ ಹುಡುಗರು ಅಲ್ಲಿಗೇ ಮೊದಲು ಹೋಗುತ್ತಾರೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಊರಲ್ಲೇ ಇದೆ, ಸರ್ಜನ್‌ಗೆ ತೋರಿಸಿ, ಪರೀಕ್ಷೆ ಕೆಲವೇ ನಿಮಿಷದ್ದು. ಮಲದಲ್ಲಿ ಬೆರೆತ ರಕ್ತ, ಕಪ್ಪು ಮಲ, ಕೀವು, ಜ್ವರ, ತೂಕ ಇಳಿಯುವುದು, ವಾರಗಟ್ಟಲೆ ಭೇದಿ, ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ. ಮುಟ್ಟಿನ ದಿನಗಳಲ್ಲೇ ಮೋಷನ್‌ಗೆ ಹೋಗುವಾಗ ತುಂಬ ನೋವು ಬರುವ ಹುಡುಗಿಯರು ಸ್ತ್ರೀರೋಗ ತಜ್ಞರಿಗೂ ಹೇಳಬೇಕು, ಅದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ, ಇರಬಹುದು.

ಹಾಸ್ಟೆಲ್ ವಾರ್ಡನ್‌ಗಳಿಗೆ, ಕಾಲೇಜು ನಡೆಸುವವರಿಗೆ ನನ್ನ ಕೋರಿಕೆ ಇಷ್ಟೇ: ಟಾಯ್ಲೆಟ್‌ಗೆ ಚಿಲಕ, ನಲ್ಲಿಯಲ್ಲಿ ನೀರು, ಮೆಸ್ಸಿನಲ್ಲಿ ದಿನಕ್ಕೊಂದು ಸೊಪ್ಪು ಇಲ್ಲವೇ ಕಾಳಿನ ಪಲ್ಯ. ಈ ಸೆಮಿಸ್ಟರ್‌ನಲ್ಲೇ ಶುರು ಮಾಡಿ.

– ಒಬ್ಬ ಔಷಧ ಅಂಗಡಿಯವ, ದಾವಣಗೆರೆ