ಪಾವಗಡದಿಂದ ಒಂದು ಕಾಗದ

ಪ್ರೀತಿಯ ಮಗಳೇ,

ತೀವ್ರ ಬಲಪಂಥೀಯರು ಮತ್ತು ಹವಾಮಾನ ಬದಲಾವಣೆ ಕುರಿತ ನಿನ್ನ ಲೇಖನವನ್ನು ಎರಡು ಸಲ ಓದಿದೆ. ತೀವ್ರ ಬಲಪಂಥೀಯರ ಮೇಲೆ ನಿನಗಿರುವ ಸಿಟ್ಟು ನನಗೂ ಇದೆ. ಆದರೆ ಮೊದಲೆರಡು ಪುಟ ಬರೀ ಬೈಗುಳ. ‘ಅವರು ವಿಜ್ಞಾನವನ್ನೇ ನಂಬುವುದಿಲ್ಲ’ ಎಂದು ಬರೆದು ಮುಂದೆ ಹೋಗಿದ್ದೀಯ. ನಂಬದವರು ಅಧಿಕಾರಕ್ಕೆ ಬಂದರೆ ಯಾವ ಕಚೇರಿಯಲ್ಲಿ ಏನಾಗುತ್ತದೆ? ಅದನ್ನು ಬರೆಯಮ್ಮ.

ಬ್ರೆಜಿಲ್ ತಗೋ. ಅಮೆಜಾನ್ ಕಾಡು ವೇಗವಾಗಿ ಬೀಳುತ್ತಿದೆ ಎಂದು ಅಲ್ಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಉಪಗ್ರಹದ ಲೆಕ್ಕ ಕೊಟ್ಟಿತು. ಆ ಲೆಕ್ಕವೇ ಸುಳ್ಳು ಎಂದರು ಆಗಿನ ತೀವ್ರ ಬಲಪಂಥೀಯ ಅಧ್ಯಕ್ಷ ಬೋಲ್ಸನಾರೊ. 2019ರ ಆಗಸ್ಟ್‌ನಲ್ಲಿ ಸಂಸ್ಥೆಯ ಮುಖ್ಯಸ್ಥ ರಿಕಾರ್ಡೊ ಗಾಲ್ವಾವೊ ಹುದ್ದೆ ಕಳೆದುಕೊಂಡರು. 2021ರ ಜುಲೈಗೆ ಮುಗಿದ ಹನ್ನೆರಡು ತಿಂಗಳಲ್ಲಿ ಸುಮಾರು 13,000 ಚದರ ಕಿ.ಮೀ. ಕಾಡು ನೆಲಸಮವಾಯಿತು. ನಮ್ಮ ತುಮಕೂರು ಜಿಲ್ಲೆ ಪೂರ್ತಿ ಸೇರಿದರೂ 10,600 ಚದರ ಕಿ.ಮೀ. ಕುಣಿಗಲ್ಲಿನಿಂದ ಪಾವಗಡದವರೆಗೆ ಬಸ್ಸಿನಲ್ಲಿ ಕೂತು ಬಂದವರಿಗೆ ಇದರ ಅಳತೆ ಗೊತ್ತಾಗುತ್ತದೆ. ನಿನ್ನ ಓದುಗರು ಆ ಬಸ್ಸಿನವರೇ.

ಎಲ್ಲ ಕಡೆ ಇಷ್ಟು ಜೋರಾಗಿ ನಡೆಯುವುದಿಲ್ಲ. ಸ್ವೀಡನ್ನಿನಲ್ಲಿ 2022ರ ಚುನಾವಣೆಯ ನಂತರ ತೀವ್ರ ಬಲಪಂಥದ ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷ ಮಂತ್ರಿಮಂಡಲ ಸೇರಲಿಲ್ಲ, ಹೊರಗಿನಿಂದ ಬೆಂಬಲ ಕೊಟ್ಟಿತು ಅಷ್ಟೆ. ಪ್ರತ್ಯೇಕವಾಗಿದ್ದ ಪರಿಸರ ಸಚಿವಾಲಯ ಇಲ್ಲವಾಯಿತು. 2024ರ ಜನವರಿಯಿಂದ ಡೀಸೆಲ್‌ಗೆ ಜೈವಿಕ ಇಂಧನ ಬೆರೆಸುವ ನಿಯಮ ಸಡಿಲವಾಯಿತು. ಆ ವರ್ಷ ದೇಶದ ಇಂಗಾಲದ ಹೊಗೆ ಏರಿತು. ಇದಕ್ಕೆ ವಿಜ್ಞಾನವನ್ನು ಬೈಯಬೇಕಾಗಿರಲಿಲ್ಲ, ಡೀಸೆಲ್ ಅಗ್ಗವಾಗುತ್ತದೆ ಎಂದು ಬಂಕಿನ ದರ ತೋರಿಸಿದರೆ ಸಾಕಿತ್ತು.

ಆ ದರದ ಮಾತನ್ನು, ಅಂದರೆ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು, ಮಾತ್ರ ತಳ್ಳಿಹಾಕಬೇಡ. ನಮ್ಮ ತಿರುಮಣಿಯ ಸೋಲಾರ್ ಪಾರ್ಕನ್ನೇ ನೋಡು: ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಶುರುವಾಯಿತು. ಅದನ್ನು ಮನಸಾರೆ ಹೊಗಳಿ ಬರೆದವನು ನಾನು, ಈಗಲೂ ಬೇಕು ಅನ್ನುವವನೇ. ಆದರೆ ಒಂದು ಸಂಜೆ ತಂತಿಬೇಲಿ ಪಕ್ಕ ಐದಾರು ಕುರಿ ಬಿಟ್ಟುಕೊಂಡು ನಿಂತಿದ್ದ ಅಜ್ಜಿ, ಕೈಯಲ್ಲಿದ್ದ ಕೋಲಿನಿಂದ ಬೇಲಿಯಾಚೆ ತೋರಿಸಿ ಹೇಳಿದಳು: ‘ಜಮೀನಿದ್ದೋರಿಗೆ ಬಾಡಿಗೆ ಬಂತು ಮೇಷ್ಟ್ರೇ, ನಮಗೆ ಕಡ್ಲೆಕಾಯಿ ಕೀಳೋ ಕೂಲೀನೂ ಹೋಯ್ತು.’ ನನ್ನ ಬರಹದಲ್ಲಿ ಆ ಕೂಲಿ ಇರಲಿಲ್ಲ.

ಜರ್ಮನಿಯಲ್ಲಿ ತೀವ್ರ ಬಲಪಂಥದ ಎಎಫ್‌ಡಿ ಪಕ್ಷ ಹೋಗಿ ಕೂತದ್ದು ಇಂಥ ಮಾತಿನ ಪಕ್ಕದಲ್ಲೇ. 2023ರಲ್ಲಿ ಹೊಗೆ ಕಡಿಮೆ ಮಾಡಲೆಂದು ಮನೆ ಬೆಚ್ಚಗಿಡುವ ಹೀಟರ್‌ಗಳ ಬಗ್ಗೆ ಹೊಸ ಕಾನೂನು ಬಂದಾಗ ಜನ ಖರ್ಚಿಗೆ ಹೆದರಿದರು. ಪಕ್ಷ ಆ ಹೆದರಿಕೆಯನ್ನು ಕೇಳಿಸಿಕೊಂಡಿತು. ಪರಿಹಾರ ಎಂದು ಕೊಟ್ಟದ್ದು ಮಾತ್ರ ಗಾಳಿಯಂತ್ರಗಳ ಮೇಲಿನ ದ್ವೇಷವನ್ನು. 2025ರ ಚುನಾವಣೆಯಲ್ಲಿ ಐದರಲ್ಲೊಂದು ಮತ ಅದಕ್ಕೆ ಬಿತ್ತು.

ಮೂರನೇ ಪುಟದಲ್ಲಿ ಮತ ಹಾಕಿದವರನ್ನು ‘ಮೂರ್ಖರು’ ಎಂದಿದ್ದೀಯ, ಅದನ್ನು ಹೊಡೆದುಹಾಕಿದ್ದೇನೆ. ಉಳಿದದ್ದನ್ನು ನೀನೇ ತಿದ್ದಿ ಕಳಿಸು. ಯುಗಾದಿಗೆ ಊರಿಗೆ ಬಂದಾಗ ತಿರುಮಣಿಗೆ ಹೋಗಿಬರೋಣ. ಅಜ್ಜಿ ಈಗಲೂ ಆ ಬೇಲಿ ಪಕ್ಕವೇ ಕುರಿ ಮೇಯಿಸುತ್ತಾಳೆ.

ಇಂತಿ,
ನಿನ್ನ ಮೇಷ್ಟ್ರು