ಒಂದೇ ಬಿಲ್ಲನ್ನು ಮೂರು ಸಲ ಬರೆಯೋದೇಕೆ?

ಮಾನ್ಯ ಸಂಪಾದಕರೇ,

ಕಂಪನಿಗಳ ಬೇರೆ ಬೇರೆ ಸಾಫ್ಟ್‌ವೇರ್‌ಗಳನ್ನು ಕ್ಲೌಡ್ ಮೂಲಕ ಒಂದಕ್ಕೊಂದು ಜೋಡಿಸುವುದು ನನ್ನ ಕೆಲಸ. ಒಂದು ಕಡೆ ಆರ್ಡರ್ ಬಂದರೆ ಸ್ಟಾಕು, ಬಿಲ್ಲು, ಲೆಕ್ಕ ಎಲ್ಲ ಕಡೆಗೂ ತಾನಾಗಿ ಸುದ್ದಿ ಮುಟ್ಟಬೇಕು. ಆರು ವರ್ಷದಿಂದ ಚಿಕ್ಕಮಗಳೂರಿನ ಮನೆಯಲ್ಲೇ ಕೂತು ಇದನ್ನು ಮಾಡುತ್ತಿದ್ದೇನೆ. ನಮ್ಮೂರಲ್ಲೇ ಕಂಡ ಒಂದು ಸಂಗತಿ ಮನಸ್ಸಿಗೆ ತುಂಬಾ ನೋವು ಮಾಡಿದೆ.

ಕಳೆದ ಮಾರ್ಚ್‌ನಲ್ಲಿ ಪರಿಚಯದವರ ಕಾಳುಮೆಣಸಿನ ಮಂಡಿಗೆ ಹೋಗಿದ್ದೆ. ಲೆಕ್ಕ ಬರೆಯುವ ಹುಡುಗಿ ತೂಕದ ಚೀಟಿ ನೋಡಿ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹಾಕಿದಳು. ಅದನ್ನೇ ನೋಡಿಕೊಂಡು ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರ್‌ಗೆ. ಆಮೇಲೆ ಮತ್ತೆ ಅದನ್ನೇ, ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ ಮಾಡುವ ಇ-ವೇ ಬಿಲ್ ಪೋರ್ಟಲ್‌ಗೆ. ಕಣ್ಣು ಸಾಲು ತಪ್ಪಬಾರದು ಅಂತ ಕಾಗದದ ಮೇಲೆ ಸ್ಕೇಲು ಇಟ್ಟುಕೊಂಡಿದ್ದಳು. ಬಿಲ್ಲಿನಲ್ಲಿ ಲಾರಿ ನಂಬರು ಕೆಎ 18 ಅಂತ ಸರಿಯಾಗೇ ಇತ್ತು. ಮೂರನೇ ಸಲ ಹೊಡೆಯುವಾಗ ಕೆಎ 13 ಆಗಿಬಿಟ್ಟಿತು. ಮಂಗಳೂರಿಗೆ ಹೊರಟ ಲಾರಿಯನ್ನು ಸಕಲೇಶಪುರದ ಹತ್ತಿರ ತಪಾಸಣೆಯವರು ನಿಲ್ಲಿಸಿದರು.

ನಂಬರಿನಲ್ಲಿ ಒಂದೆರಡು ಅಂಕೆ ತಪ್ಪಿದರೆ ಸರಕು ಹಿಡಿದಿಡಬೇಕಿಲ್ಲ, 1,000 ರೂಪಾಯಿ ದಂಡ ಸಾಕು ಅಂತ 2018ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಬಂದಿದೆ. ದಂಡ ಕಟ್ಟಿ ಲಾರಿ ಬಿಡಿಸಿಕೊಂಡರು. ಆದರೆ ಮಾಲೀಕರು ಹಮಾಲಿಗಳ ಎದುರೇ ಆ ಹುಡುಗಿಯನ್ನು ಬೈದರು. ಆ ಸಾವಿರವನ್ನು ಅವಳ ಸಂಬಳದಲ್ಲಿ ಹಿಡಿದರು. ಅವಳು ಒಂದು ಮಾತೂ ಆಡಲಿಲ್ಲ. ಸುಮ್ನೆ ಸ್ಕೇಲನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಳು.

ಇದು ಅವಳ ತಪ್ಪಾ? ಒಂದೇ ವಿಷಯವನ್ನು ದಿನವೆಲ್ಲ ಮೂರು ಮೂರು ಸಲ ಬರೆಸಿದರೆ ಎಂಥವರ ಕೈಯೂ ಒಮ್ಮೆ ತಪ್ಪುತ್ತದೆ, ಅಲ್ವಾ? ಟ್ಯಾಲಿ ಎಕ್ಸ್‌ಎಂಎಲ್ ಅನ್ನುವ ನಮೂನೆಯ ಕಡತ ತೆಗೆದುಕೊಳ್ಳುತ್ತದೆ. ಇ-ವೇ ಬಿಲ್ ಪೋರ್ಟಲ್‌ಗೆ ಜೇಸನ್ ಅನ್ನುವ ನಮೂನೆಯ ಕಡತ ಹಾಕಬಹುದು. ಒಂದು ಸಲ ಮಾಡಿದ ಬಿಲ್ಲಿನಿಂದಲೇ ಎರಡೂ ಕಡತ ತಯಾರಾಗಬೇಕು, ಅಷ್ಟೇ. ಸಾಫ್ಟ್‌ವೇರ್ ಮಾರಲು ಬರುವವರನ್ನು ಕೊಳ್ಳುವ ಮೊದಲೇ ಕೇಳಿ: ಇದರಿಂದ ಡೇಟಾ ಹೊರಗೆ ತೆಗೆಯಬಹುದಾ, ಬೇರೆ ಸಾಫ್ಟ್‌ವೇರ್ ಜೊತೆ ತಾನಾಗಿ ಮಾತಾಡುವ ದಾರಿ, ಅಂದರೆ ಎಪಿಐ, ಇದೆಯಾ? ಬಾಯಿ ತಡವರಿಸಿದರೆ ಕೊಳ್ಳಬೇಡಿ.

ಜೋಡಿಸುವಾಗ ತೊಡಕು ಬರುವುದಿಲ್ಲ ಎಂದಲ್ಲ. ‘ಗೌಡ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಒಬ್ಬರು ಡಬ್ಲ್ಯೂ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಯು ಹಾಕುತ್ತಾರೆ. ನಮಗೆ ಒಬ್ಬರೇ, ಯಂತ್ರಕ್ಕೆ ಇಬ್ಬರು. ಅದಕ್ಕೇ ನಾನು ಹೆಸರು ನಂಬುವುದಿಲ್ಲ, ಖರೀದಿದಾರರ 15 ಅಕ್ಷರದ ಜಿಎಸ್‌ಟಿ ನಂಬರನ್ನೇ ಹಿಡಿದು ತಾಳೆ ಹಾಕುತ್ತೇನೆ. ಇಂಥ ಕೆಲಸಕ್ಕೆ ಬೆಂಗಳೂರಿನಿಂದಲೇ ಜನ ಬರಬೇಕಿಲ್ಲ. ಚಿಕ್ಕಮಗಳೂರು, ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳೇ ಕಲಿತು ಮಾಡಬಲ್ಲರು.

ಆ ಮಾಲೀಕರಿಗೆ ಇದನ್ನೆಲ್ಲ ಎದುರೇ ಹೇಳಿದೆ, ಕೇಳಲಿಲ್ಲ. ಅವರು ದಿನಾ ಪೇಪರ್ ಓದುತ್ತಾರೆ. ಅಣ್ಣಾ, ಆ ಹುಡುಗಿಯ ಸಾವಿರ ರೂಪಾಯಿ ವಾಪಸ್ ಕೊಡಿ. ಒಂದು ಭಾನುವಾರ ಬಂದು ಜೋಡಿಸುವ ಕೆಲಸ ನಾನೇ ಮಾಡಿಕೊಡುತ್ತೇನೆ, ದುಡ್ಡು ಬೇಡ.

ಇತಿ,
ಓದುಗಿ, ಚಿಕ್ಕಮಗಳೂರು